ಇ-ಮೇಲ್‌ನಲ್ಲಿ ಬಂದ ಹಾಡು, ಬಾಗಿಲಲ್ಲಿ ಕುಳಿತ ಸುಂಕದವ



1992ರ ಮಾರ್ಚ್ 11ರಂದು ಅಮೆರಿಕದಲ್ಲಿ ಒಂದು ಇ-ಮೇಲ್ ಹೊರಟಿತು. ಕಳುಹಿಸಿದವರು ನಥಾನಿಯಲ್ ಬೋರೆನ್‌ಸ್ಟೈನ್ ಎಂಬ ಗಣಕ ವಿಜ್ಞಾನಿ. ಆ ಓಲೆಯ ಜತೆಯಲ್ಲಿ ಒಂದು ಚಿತ್ರವಿತ್ತು, ಒಂದು ಹಾಡೂ ಇತ್ತು. ಚಿತ್ರದಲ್ಲಿದ್ದವರು ಹವ್ಯಾಸಿ ಗಾಯಕರ ಒಂದು ನಾಲ್ವರ ತಂಡ. ಬೋರೆನ್‌ಸ್ಟೈನ್ ಕೂಡ ಅವರಲ್ಲೊಬ್ಬರು. ತಂಡ ಇಟ್ಟುಕೊಂಡಿದ್ದ ಹೆಸರು ‘ಟೆಲಿಫೋನ್ ಕಾರ್ಡ್ಸ್’. ದೂರವಾಣಿಯ ತಂತಿ ಎಂದೂ ಕೇಳಿಸುವ, ಸಂಗೀತದ ಸ್ವರಮೇಳ ಎಂದೂ ಕೇಳಿಸುವ ಶ್ಲೇಷೆ ಅದು. ಅವರು ಕೆಲಸಕ್ಕಿದ್ದದ್ದು ಬೆಲ್‌ಕೋರ್ ಎಂಬ ಸಂಸ್ಥೆಯಲ್ಲಿ. ಅಮೆರಿಕದ ಪ್ರಾದೇಶಿಕ ದೂರವಾಣಿ ಕಂಪನಿಗಳೆಲ್ಲ ಸೇರಿ ನಡೆಸುತ್ತಿದ್ದ ಸಂಶೋಧನಾಲಯ ಅದು.

ಅಂದರೆ ಇ-ಮೇಲಿಗೆ ಚಿತ್ರವನ್ನೂ ಹಾಡನ್ನೂ ಅಂಟಿಸುವ ವಿದ್ಯೆ ಹುಟ್ಟಿದ್ದೇ ಟೆಲಿಫೋನಿನವರ ಮನೆಯಲ್ಲಿ. ಹಾಗಿದ್ದೂ ಅದೇ ಚಿತ್ರ, ಅದೇ ಹಾಡು ಸಾಮಾನ್ಯನ ಕೈಯಲ್ಲಿರುವ ಫೋನಿನೊಳಕ್ಕೆ ಇಳಿಯಲು ಮತ್ತೆ ಹತ್ತು ವರ್ಷ ಹಿಡಿಯಿತು. ತಂತ್ರಜ್ಞಾನ ಇರಲಿಲ್ಲವೆ? ಬಹುಪಾಲು ಇತ್ತು. ಫೋನಿನ ಬಾಗಿಲಲ್ಲಿ ಯಾರು ಕುಳಿತಿದ್ದರು, ಒಳಗೆ ಬಿಡಲು ಎಷ್ಟು ಕೇಳುತ್ತಿದ್ದರು ಎಂಬುದರಲ್ಲಿ ವಿಳಂಬದ ಮುಖ್ಯ ಕಾರಣವಿದೆ.

ಮೊದಲು ಆ ವಿದ್ಯೆಯನ್ನು ಸ್ವಲ್ಪ ನೋಡೋಣ. ಹಳೆಯ ಇ-ಮೇಲ್ ಬರೀ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲು ಕಟ್ಟಿದ ದಾರಿ. ಚಿತ್ರವನ್ನು ನೇರವಾಗಿ ಅದರಲ್ಲಿ ಸುರಿದರೆ ನಡುದಾರಿಯ ಗಣಕಗಳು ಅದನ್ನು ಅಕ್ಷರವೆಂದೇ ತಿಳಿದು ಕೆಡಿಸಿಬಿಡುತ್ತಿದ್ದವು. ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ‘ಮೈಮ್’ ಎಂಬ ನಿಯಮಾವಳಿ ಇದಕ್ಕೆ ಸರಳವಾದ ಉಪಾಯ ಹೇಳಿತು. ಚಿತ್ರವನ್ನೇ ಅಕ್ಷರ ಮಾಡಿ ಕಳುಹಿಸಿ, ಆ ಕಡೆ ಇಳಿದ ಮೇಲೆ ಮತ್ತೆ ಚಿತ್ರ ಮಾಡಿಕೊಳ್ಳಿ ಎಂಬುದೇ ಆ ಉಪಾಯ. ಚಿತ್ರದ ಮೂರು ಬೈಟ್‌ಗಳನ್ನು ತೆಗೆದುಕೊಂಡು ನಾಲ್ಕು ಅಕ್ಷರಗಳಾಗಿ ಬರೆಯುವುದು. ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ 10, ಮತ್ತೆರಡು ಚಿಹ್ನೆ, ಒಟ್ಟು 64. ಮೂರು ಇದ್ದದ್ದು ನಾಲ್ಕಾಗುವುದರಿಂದ ಹೊರೆ ಮೂರನೇ ಒಂದರಷ್ಟು ಹೆಚ್ಚುತ್ತದೆ. 30 ಕಿಲೋಬೈಟಿನ ಚಿತ್ರ ದಾರಿಯಲ್ಲಿ 40 ಕಿಲೋಬೈಟ್ ಆಗಿ ಸಾಗುತ್ತದೆ. ಇದರ ಜತೆ ಪ್ರತಿ ಗಂಟಿಗೂ ಒಂದು ಚೀಟಿ. ಒಳಗಿರುವುದು ಚಿತ್ರವೋ, ಧ್ವನಿಯೋ, ಯಾವ ಜಾತಿಯದು ಎಂದು ಅದರಲ್ಲಿ ಬರೆದಿರುತ್ತದೆ. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಸುಂಕದವನು ಓದುವುದು ಇದನ್ನೇ.

ಇಷ್ಟೆಲ್ಲ ಏಕೆ, ಇ-ಮೇಲಿನಲ್ಲಿ ಚಿತ್ರ ಯಾರಿಗೆ ಬೇಕು ಎಂದು ಆಗ ಕೇಳಿದವರಿದ್ದರಂತೆ. ಮುಂದೊಂದು ದಿನ ಮೊಮ್ಮಕ್ಕಳು ಹುಟ್ಟುತ್ತಾರೆ, ಅವರ ಚಿತ್ರ ಇ-ಮೇಲಿನಲ್ಲಿ ಬರಬೇಕು ಎಂದು ಬೋರೆನ್‌ಸ್ಟೈನ್ ಉತ್ತರಿಸುತ್ತಿದ್ದರು.

ಮೊಮ್ಮಗಳ ಚಿತ್ರಕ್ಕಿಂತ ಮೊದಲು ಬಂದದ್ದು ಒಬ್ಬರ ಮಗಳ ಚಿತ್ರ. 1997ರ ಜೂನ್ 11. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ಸಾಫ್ಟ್‌ವೇರ್ ಉದ್ಯಮಿ ಕಾಯುತ್ತ ಕುಳಿತಿದ್ದರು. ಹೆಂಡತಿಗೆ ಹೆರಿಗೆ ನೋವು, ಗಂಡನಿಗೆ ಮಾಡಲು ಕೆಲಸವಿಲ್ಲ. ಕೈಯಲ್ಲಿದ್ದ ಕ್ಯಾಸಿಯೊ ಡಿಜಿಟಲ್ ಕ್ಯಾಮೆರಾ, ಮೊಟೊರೊಲಾ ಸ್ಟಾರ್‌ಟ್ಯಾಕ್ ಮೊಬೈಲ್, ತೋಷಿಬಾ ಲ್ಯಾಪ್‌ಟಾಪ್ ಮೂರನ್ನೂ ತಂತಿಯಲ್ಲಿ ಜೋಡಿಸಿದರು. ಮಗು ಹುಟ್ಟಿತು. ಅದರ ಚಿತ್ರ ಮೊಬೈಲ್ ಮೂಲಕ ಹಾರಿ ಎರಡು ಸಾವಿರಕ್ಕೂ ಹೆಚ್ಚು ಬಂಧುಮಿತ್ರರ ಇ-ಮೇಲ್ ಪೆಟ್ಟಿಗೆಗಳನ್ನು ಸೇರಿತು. (ಆ ತಾಯಿ ಏನೆಂದುಕೊಂಡರೋ ಎಂಬುದನ್ನು ಇತಿಹಾಸಕಾರರು ಸಾಮಾನ್ಯವಾಗಿ ಕೇಳುವುದಿಲ್ಲ.)

ಇಲ್ಲೊಂದು ಸೂಕ್ಷ್ಮವಿದೆ. ಕಾನ್ ಅವರ ಚಿತ್ರ ಫೋನಿನಿಂದ ಹೊರಗೆ ಹೋಯಿತು. ಯಾರ ಫೋನಿನೊಳಗೂ ಬರಲಿಲ್ಲ. ನೋಡಿದವರೆಲ್ಲ ನೋಡಿದ್ದು ಕಂಪ್ಯೂಟರಿನ ಪರದೆಯ ಮೇಲೆ. ಒಳಗೆ ಬರುವುದು ಕಷ್ಟವಾಗಿತ್ತು. ಏಕೆಂದರೆ ಕಂಪ್ಯೂಟರು ಬಳಸುವವನಿಗೆ ವಿಳಾಸವಿತ್ತು, ಫೋನಿಗೆ ಇದ್ದದ್ದು ಬರೀ ಸಂಖ್ಯೆ.

ಸಂಖ್ಯೆ ಮಾತ್ರ ಇದ್ದ ಫೋನಿಗೆ ಏನನ್ನಾದರೂ ಕಳುಹಿಸಬೇಕಿದ್ದರೆ ಎಸ್ಸೆಮ್ಮೆಸ್ ಒಂದೇ ಗತಿ. ಅದರ ಅಳತೆ 140 ಬೈಟ್. ಇಂಗ್ಲಿಷಿನಲ್ಲಾದರೆ 160 ಅಕ್ಷರ. ಈ ಕಿಂಡಿಯಲ್ಲೇ ರಾಗ ತೂರಿಸಬಹುದು ಎಂದು ತೋರಿಸಿದವರು ಫಿನ್ಲೆಂಡಿನವರು. 1998ರ ಶರತ್ಕಾಲದಲ್ಲಿ ರೇಡಿಯೊಲಿನ್ಯ ಎಂಬ ಅಲ್ಲಿನ ಕಂಪನಿ ‘ಹಾರ್ಮೋನಿಯಂ’ ಎಂಬ ಸೇವೆ ಆರಂಭಿಸಿತು. ರೂಪಿಸಿದವರು ವೆಸಾ-ಮಾಟ್ಟಿ ಪಾನಾನೆನ್. ಹೆಸರು ಕೇಳಿದರೆ ನಮ್ಮ ಕಂಪನಿ ನಾಟಕಗಳ ಪೆಟ್ಟಿಗೆ ಮಾಸ್ತರರ ನೆನಪಾದೀತು. ಅಲ್ಲಿ ಸ್ವಂತ ರಾಗ ಕಟ್ಟಿ ಎಸ್ಸೆಮ್ಮೆಸ್ ಮೂಲಕ ಫೋನಿಗೆ ಇಳಿಸಬಹುದಿತ್ತು.

ರಾಗ ಚಿಕ್ಕದಾಗಲು ಕಾರಣ, ಅದು ಧ್ವನಿಯಲ್ಲ, ಸ್ವರಗಳ ಪಟ್ಟಿ. ಯಾವ ಸ್ವರ, ಎಷ್ಟು ಹೊತ್ತು, ಯಾವ ಸ್ಥಾಯಿ, ಅಷ್ಟೇ. ನೋಕಿಯಾದ ಕೆಲವು ಫೋನುಗಳಲ್ಲಿ ಈ ಪಟ್ಟಿಯನ್ನು ಕೈಯಿಂದಲೇ ಒತ್ತಬಹುದಿತ್ತು. 1ರಿಂದ 7ರವರೆಗಿನ ಗುಂಡಿಗಳನ್ನು ಸ-ರಿ-ಗ-ಮ-ಪ-ದ-ನಿ ಎಂದಿಟ್ಟುಕೊಳ್ಳಿ. 8 ಒತ್ತಿದರೆ ಕಾಲ ಕಿರಿದು, 9 ಒತ್ತಿದರೆ ಹಿರಿದು, ನಕ್ಷತ್ರದ ಗುಂಡಿಗೆ ಸ್ಥಾಯಿ ಬದಲು. ಗಮಕಕ್ಕೆ ಗುಂಡಿ ಇರಲಿಲ್ಲ. ಆದ್ದರಿಂದ ನಮ್ಮ ಹಾಡುಗಳು ಆ ಫೋನುಗಳಲ್ಲಿ ಮೆಟ್ಟಿಲಿನ ಮೇಲೆ ಗೋಲಿ ಉರುಳಿದಂತೆ ಕೇಳಿಸುತ್ತಿದ್ದವು. ಆದರೂ ಜನ ಖುಷಿಪಟ್ಟರು. 1998ರಲ್ಲಿ ನೋಕಿಯಾ 5110ರಲ್ಲಿ ‘ಸಾರೇ ಜಹಾಂ ಸೆ ಅಚ್ಛಾ’ ಬಂದಾಗ ಅದೇ ಭಾರತದ ಮೊದಲ ರಿಂಗ್‌ಟೋನ್ ಎನಿಸಿಕೊಂಡಿತು.

ಚಿತ್ರಕ್ಕೆ ಮಾತ್ರ ಆ ಕಿಂಡಿ ಸಾಲದು. ನೋಕಿಯಾದ ಚಿತ್ರಸಂದೇಶದ ಅಳತೆ ಅಡ್ಡ 72 ಚುಕ್ಕೆ, ಉದ್ದ 28 ಚುಕ್ಕೆ. ಗುಣಿಸಿದರೆ 2,016 ಚುಕ್ಕೆ. ಕಪ್ಪು ಇಲ್ಲವೆ ಖಾಲಿ, ಬೇರೆ ಬಣ್ಣವಿಲ್ಲ. ಎಂಟು ಚುಕ್ಕೆಗೆ ಒಂದು ಬೈಟ್‌ನಂತೆ 252 ಬೈಟ್. ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಯುವುದಿಲ್ಲ, ತುಂಡು ಮಾಡಿ ಕಳುಹಿಸಬೇಕು, ಪ್ರತಿ ತುಂಡಿಗೂ ದರ. ನಮ್ಮ ರಂಗೋಲಿಗಿಂತ ಹೆಚ್ಚಿನ ಚುಕ್ಕೆಗಳೇನೋ ಇದ್ದವು. ಆದರೆ ಅದರಲ್ಲಿ ಮಗುವಿನ ಮುಖ ಬಿಡಿಸಲಾಗುತ್ತಿರಲಿಲ್ಲ.

ಜಪಾನ್ ಬೇರೆ ದಾರಿ ಹಿಡಿಯಿತು. ಈ ಕಥೆಯ ತಿರುಳು ಇರುವುದೇ ಅಲ್ಲಿ.

ಅಲ್ಲಿ ರಾಗದ ಹುಚ್ಚು ಮೊದಲೇ ಇತ್ತು. 1996ರ ಮೇ ತಿಂಗಳಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿಗಾಗಿ ಎನ್‌ಇಸಿ ತಯಾರಿಸಿದ ಫೋನಿನಲ್ಲಿ ಕೆಲವು ಸಿದ್ಧ ರಾಗಗಳಿದ್ದವು. ಅದೇ ಸೆಪ್ಟೆಂಬರಿನಲ್ಲಿ ಡೆನ್ಸೊ ತಯಾರಿಸಿದ ಫೋನಿಗೆ ಸ್ವಂತ ರಾಗ ತುಂಬಿಸುವ ಅನುಕೂಲ ಬಂತು. ಯಾವ ಹಾಡಿಗೆ ಯಾವ ಗುಂಡಿ ಒತ್ತಬೇಕು ಎಂದು ತಿಳಿಸುವ ಪುಸ್ತಕವೊಂದು 1998ರಲ್ಲಿ ಅಚ್ಚಾಗಿ 35 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಫೋನಿನ ರಾಗಕ್ಕಾಗಿ ಪುಸ್ತಕ! ಕನ್ನಡದ ಯಾವ ಪ್ರಕಾಶಕರೂ ಕನಸಿನಲ್ಲೂ ಕಾಣದ ಸಂಖ್ಯೆ ಅದು. ಮುಂದೆ 1999ರಲ್ಲಿ ಯಮಾಹಾ ಕಂಪನಿ ಫೋನಿಗೆಂದೇ ಪುಟ್ಟ ಧ್ವನಿ ಚಿಪ್ಪು ಮಾಡಿತು. ಏಕಕಾಲಕ್ಕೆ ನಾಲ್ಕು ಸ್ವರ. ಅದರ ನಂತರದ ಚಿಪ್ಪಿನಲ್ಲಿ ಹದಿನಾರು. ಒಂಟಿ ಸ್ವರದ ಫೋನು ಸಣ್ಣ ವಾದ್ಯವೃಂದವಾಯಿತು.

1999ರ ಫೆಬ್ರವರಿ 22ರಂದು ಡೊಕೊಮೊ ‘ಐ-ಮೋಡ್’ ಸೇವೆ ಆರಂಭಿಸಿತು. ಇದರಲ್ಲಿ ಪ್ರತಿ ಫೋನಿಗೂ ಇಂಟರ್‌ನೆಟ್ಟಿನ ನಿಜವಾದ ಇ-ಮೇಲ್ ವಿಳಾಸ. ಬೆಂಗಳೂರಿನ ಕಂಪ್ಯೂಟರಿನಿಂದ ಟೋಕಿಯೊದ ರೈಲಿನಲ್ಲಿ ನಿಂತವರ ಅಂಗೈಗೆ ನೇರವಾಗಿ ಓಲೆ ಕಳುಹಿಸಬಹುದಾಗಿತ್ತು. ಮೊದಮೊದಲು ಆ ವಿಳಾಸ ಏನಾಗಿತ್ತೆಂದರೆ, ಫೋನಿನ ಸಂಖ್ಯೆಯೇ. ಅದರ ಮುಂದೆ ಕಂಪನಿಯ ಹೆಸರು. ನೆನಪಿಡಲು ಸುಲಭ. ಎಡವಟ್ಟಾದದ್ದೂ ಅದರಿಂದಲೇ. ಸಂಖ್ಯೆಗಳನ್ನು ಒಂದರ ನಂತರ ಒಂದು ಊಹಿಸಿ ಲಕ್ಷಗಟ್ಟಲೆ ಜಾಹೀರಾತು ಓಲೆ ಸುರಿಯುವವರು ಹುಟ್ಟಿಕೊಂಡರು. ಐ-ಮೋಡ್‌ನಲ್ಲಿ 128 ಬೈಟಿನ ಪ್ರತಿ ಪೊಟ್ಟಣಕ್ಕೆ 0.3 ಯೆನ್ ದರ. ಓಲೆ ಬಂದರೂ ಲೆಕ್ಕಕ್ಕೆ ಸೇರುತ್ತಿತ್ತು. ನಮ್ಮ ಅಂಚೆಯಲ್ಲಿ ಸ್ಟಾಂಪು ಹಚ್ಚದ ಕಾಗದ ಬಂದರೆ ಪಡೆಯುವವರೇ ದುಡ್ಡು ತೆತ್ತು ಬಿಡಿಸಿಕೊಳ್ಳಬೇಕಲ್ಲ, ಹಾಗೆ. ವ್ಯತ್ಯಾಸವೆಂದರೆ ಅಂಚೆಯವನಿಗೆ ಬೇಡವೆನ್ನಬಹುದು, ಇಲ್ಲಿ ಅದಕ್ಕೂ ಪುರುಸೊತ್ತಿರಲಿಲ್ಲ. ಕೊನೆಗೆ 2001ರಲ್ಲಿ ಹೊಸ ಗ್ರಾಹಕರಿಗೆ ಊಹಿಸಲಾಗದಂಥ ಕಲಸುಮೇಲೋಗರದ ಅಕ್ಷರಗಳ ವಿಳಾಸ ಕೊಡಲಾಯಿತು. 2002ರಲ್ಲಿ ಜಪಾನ್ ಸರ್ಕಾರ ಇಂಥ ಓಲೆಗಳ ವಿರುದ್ಧ ಕಾನೂನನ್ನೇ ತಂದಿತು. ತೆರೆದ ಬಾಗಿಲಿಗೆ ತೆತ್ತ ಬೆಲೆ ಅದು.

ಚಿತ್ರದ ವಿಷಯದಲ್ಲಿ ಡೊಕೊಮೊವನ್ನು ಹಿಂದೆ ಹಾಕಿದ್ದು ಅದಕ್ಕಿಂತ ಚಿಕ್ಕದಾದ ಜೆ-ಫೋನ್ ಕಂಪನಿ. ಅಲ್ಲಿನ ಅಧಿಕಾರಿ ಕೇಜಿ ತಾಕಾವೊ ಹಕೋನೆ ಬೆಟ್ಟದ ರೋಪ್‌ವೇಯಲ್ಲಿ ಹೋಗುವಾಗ ಸಹಪ್ರಯಾಣಿಕರೊಬ್ಬರು ಫೋನಿನಲ್ಲಿ ಅವಸರವಸರವಾಗಿ ಏನೋ ಟೈಪು ಮಾಡುತ್ತಿದ್ದುದನ್ನು ಕಂಡರಂತೆ. ಕಣ್ಣ ಮುಂದಿನ ನೋಟವನ್ನು ಯಾರಿಗೋ ಹೇಳುವ ತವಕ ಅದು ಎಂದು ಅವರಿಗೆ ಹೊಳೆಯಿತಂತೆ. ಬರೆಯುವ ಬದಲು ಆ ನೋಟವನ್ನೇ ಕಳುಹಿಸುವಂತಿದ್ದರೆ? 2000ದ ನವೆಂಬರಿನಲ್ಲಿ ಶಾರ್ಪ್ ತಯಾರಿಸಿದ ಜೆ-ಎಸ್‌ಎಚ್04 ಮಾರುಕಟ್ಟೆಗೆ ಬಂತು. ಬೆನ್ನಿಗೆ ಕ್ಯಾಮೆರಾ, ಪಕ್ಕದಲ್ಲಿ ಅಂಗುಲಕ್ಕಿಂತ ಚಿಕ್ಕ ಕನ್ನಡಿ. 1,10,000 ಚುಕ್ಕೆಗಳ ಚಿತ್ರ ತೆಗೆದು ಅಲ್ಲಿಂದಲೇ ಇ-ಮೇಲ್ ಮಾಡಬಹುದು. ‘ಶಾ-ಮೇಲ್’ ಎಂಬ ಹೆಸರು ಬಿತ್ತು. ‘ಶಾ’ ಎಂದರೆ ಶಾಶಿನ್, ಛಾಯಾಚಿತ್ರ. ಬೋರೆನ್‌ಸ್ಟೈನ್ ಹಾಕಿದ ದಾರಿಯಲ್ಲಿ ಎರಡು ಕಡೆಯಲ್ಲೂ ಫೋನೇ ಇರುವ ಪ್ರಯಾಣ ಕೊನೆಗೂ ಸಾಧ್ಯವಾಯಿತು.

ಡೊಕೊಮೊ 2002ರಲ್ಲಿ ‘ಐ-ಶಾಟ್’ ತಂದಿತಾದರೂ ಅದು ಬಳಸುದಾರಿ. ಚಿತ್ರ ಕಂಪನಿಯ ಗಣಕದಲ್ಲಿ ಉಳಿಯುತ್ತಿತ್ತು. ಪಡೆಯುವವರ ಫೋನಿಗೆ ಅದರ ಕೊಂಡಿ ಮಾತ್ರ ಹೋಗುತ್ತಿತ್ತು.

ರಾಗಗಳ ಮಾರಾಟದಲ್ಲಿ ಮಾತ್ರ ಡೊಕೊಮೊ ಜಾಣತನ ತೋರಿತು. ರಾಗ ಒದಗಿಸುವವರು ತಿಂಗಳಿಗೆ 300 ಯೆನ್ ಮೀರದಂತೆ ಶುಲ್ಕ ಇಟ್ಟುಕೊಳ್ಳಬಹುದಿತ್ತು. ಅದನ್ನು ಫೋನ್ ಬಿಲ್ಲಿನಲ್ಲೇ ವಸೂಲಿ ಮಾಡಿ ಕಂಪನಿ ಇಟ್ಟುಕೊಂಡದ್ದು ಶೇ 9. ಹಾಡು ಕಟ್ಟಿದವರ ಪಾಲನ್ನು ಜಸ್ರಾಕ್ ಎಂಬ ಹಕ್ಕುದಾರರ ಸಂಘ ಪಡೆಯುತ್ತಿತ್ತು. ಕೊಂಡ ರಾಗವನ್ನು ಗೆಳೆಯನಿಗೆ ಮೇಲ್ ಮಾಡಲು ಹೋದರೆ ಫೋನು ಒಪ್ಪುತ್ತಿರಲಿಲ್ಲ. ಹಾಡು ಕಟ್ಟಿದವರ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಒಂದು ಬೀಗ ಬಂದ ಮೇಲೆ ಅದನ್ನು ಎಲ್ಲೆಲ್ಲಿ ಹಾಕುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಅಮೆರಿಕದಲ್ಲಿ. 2002ರಿಂದೀಚೆಗೆ ಎಂಎಂಎಸ್ ಬಂತು. ಫೋನಿನ ಸಂಖ್ಯೆಯ ಮುಂದೆ ಕಂಪನಿಯ ಹೆಸರು ಸೇರಿಸಿ ಯಾರು ಬೇಕಾದರೂ ಕಂಪ್ಯೂಟರಿನಿಂದ ಚಿತ್ರವನ್ನೋ ರಾಗವನ್ನೋ ಇ-ಮೇಲ್ ಮಾಡಬಹುದಾಗಿತ್ತು. ಆದರೆ ಆ ಓಲೆ ನೇರವಾಗಿ ಫೋನಿಗೆ ಹೋಗುತ್ತಿರಲಿಲ್ಲ. ಮೊದಲು ಕಂಪನಿಯ ಗಣಕ ಅದನ್ನು ಬಿಚ್ಚುತ್ತದೆ, ಚೀಟಿ ಓದುತ್ತದೆ. ಫೋನು ಯಾವ ಮಾದರಿ, ಪರದೆ ಎಷ್ಟಗಲ ಎಂದು ನೋಡಿ ಚಿತ್ರವನ್ನು ಕುಗ್ಗಿಸುತ್ತದೆ. ಆರಂಭದ ಮಿತಿ 30 ಕಿಲೋಬೈಟ್, ಮುಂದೆ 100, ಆಮೇಲೆ 300. ನಂತರ ಫೋನಿಗೆ ಒಂದು ಸಣ್ಣ ಸೂಚನೆ ಹೋಗುತ್ತದೆ, ಫೋನು ಬಂದು ಗಂಟನ್ನು ಎಳೆದುಕೊಳ್ಳುತ್ತದೆ. ಅಂಚೆಯವನು ಪಾರ್ಸೆಲ್ ತರದೆ ಚೀಟಿ ಕೊಟ್ಟುಹೋದಂತೆ. ಚಿತ್ರ ತೋರಿಸಲಾಗದ ಹಳೆಯ ಫೋನಾದರೆ ಇಂಥ ಜಾಲತಾಣಕ್ಕೆ ಹೋಗಿ ನೋಡಿಕೊಳ್ಳಿ ಎಂಬ ಸಂದೇಶ ಮಾತ್ರ.

ತನ್ನ ಬಳಿ ಇರುವ ಸಿ.ಡಿ.ಯಿಂದ ಮೂವತ್ತು ಸೆಕೆಂಡು ಕತ್ತರಿಸಿ ತನ್ನ ಫೋನಿಗೇ ಮೇಲ್ ಮಾಡಿಕೊಂಡರೆ ರಿಂಗ್‌ಟೋನ್ ಸಿದ್ಧ. ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಏಕೆಂದರೆ ಅದೇ ಮೂವತ್ತು ಸೆಕೆಂಡನ್ನು ಅವರು ಎರಡು-ಮೂರು ಡಾಲರಿಗೆ ಮಾರುತ್ತಿದ್ದರು. ಪೂರ್ತಿ ಹಾಡು ಆ್ಯಪಲ್ ಅಂಗಡಿಯಲ್ಲಿ 2003ರಿಂದಲೇ 99 ಸೆಂಟಿಗೆ ಸಿಗುತ್ತಿತ್ತು! ಇಡೀ ತೆಂಗಿನಕಾಯಿಗಿಂತ ಹೋಳಿಗೆ ಹೆಚ್ಚು ಬೆಲೆ. ಆ್ಯಪಲ್ ತಾನೂ 2007ರಲ್ಲಿ ರಿಂಗ್‌ಟೋನ್ ಮಾರಲು ಹೊರಟಾಗ, ಕೊಂಡ ಹಾಡಿಗೆ ಮತ್ತೆ 99 ಸೆಂಟ್ ತೆರಬೇಕೆಂದಿತು. ಸಂಗೀತದ ಗಂಟನ್ನು ಒಳಗೆ ಬಿಡದ, ಬಿಟ್ಟರೂ ಅದನ್ನು ರಿಂಗ್‌ಟೋನ್ ಆಗಿಸಲು ಅವಕಾಶ ಕೊಡದ ಫೋನುಗಳು ಬಂದವು. ಇದು ನನ್ನದೇ ಮಗುವಿನ ನಗು, ಯಾರ ಹಾಡೂ ಅಲ್ಲ ಎಂದರೆ ಕೇಳುವವರು ಯಾರು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

ಹಾಡಿನವರೂ ಹಿಂದೆ ಬೀಳಲಿಲ್ಲ. ಸಂಗೀತ ರಚನೆಕಾರರ ಸಂಘ ಆ್ಯಸ್ಕ್ಯಾಪ್ ನ್ಯಾಯಾಲಯದಲ್ಲಿ ಮಂಡಿಸಿದ ವಾದ ಇಂದಿಗೂ ನಗೆ ತರಿಸುತ್ತದೆ. ನಾಲ್ಕು ಜನರ ನಡುವೆ ಫೋನು ರಿಂಗಾದರೆ ಅದು ಸಾರ್ವಜನಿಕ ಕಛೇರಿ, ಅದಕ್ಕೂ ವೆರೈಜನ್ ಕಂಪನಿ ಶುಲ್ಕ ಕೊಡಬೇಕು ಎಂದು ಅವರ ಬೇಡಿಕೆ. 2009ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆ ಡೆನಿಸ್ ಕೋಟ್ ಅದನ್ನು ಒಪ್ಪಲಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಳ್ಳುವುದು ಕಛೇರಿಯಲ್ಲ ಎಂದಾಯಿತು.

ಇನ್ನು ನಮ್ಮ ಕಡೆ. ಭಾರತದಲ್ಲಿ ಮೊಬೈಲಿನ ಮೊದಲ ಕರೆ 1995ರ ಜುಲೈ 31ರಂದು ಹೋಯಿತು. ಒಳಬರುವ ಕರೆಗೂ ದುಡ್ಡು ತೆರುವ ಕಾಲ 2003ರವರೆಗೂ ಇತ್ತು. ಇಂಥಲ್ಲಿ ಫೋನಿಗೆ ಇ-ಮೇಲ್ ಎಂಬುದು ದೂರದ ಮಾತು. ಅಮೆರಿಕದಲ್ಲಿ ನೆಲೆಸಿದ ಮಗ ಮೊಮ್ಮಗುವಿನ ಚಿತ್ರವನ್ನು ಇ-ಮೇಲ್ ಮಾಡಿದರೆ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಜ್ಜ-ಅಜ್ಜಿ ಸೈಬರ್ ಕೆಫೆಗೆ ಹೋಗಿ, ಅಲ್ಲಿನ ಹುಡುಗನ ಕೈಯಲ್ಲಿ ತೆರೆಸಿ, ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ನೋಡಬೇಕಾಗಿತ್ತು. ಜೇಬಿನಲ್ಲಿ ಮೊಬೈಲ್ ಇದ್ದರೂ ಅದಕ್ಕೂ ಈ ಚಿತ್ರಕ್ಕೂ ಸಂಬಂಧವಿರಲಿಲ್ಲ.

ಕನ್ನಡಕ್ಕೆ ಇನ್ನೊಂದು ತೊಡಕು. ಎಸ್ಸೆಮ್ಮೆಸ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಎರಡು ಬೈಟ್. 160 ಇದ್ದದ್ದು 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತು, ಕೊಂಬು, ದೀರ್ಘಗಳೆಲ್ಲ ಪ್ರತ್ಯೇಕ ಲೆಕ್ಕ. ಬಹಳಷ್ಟು ಫೋನುಗಳಲ್ಲಿ ಕನ್ನಡ ಲಿಪಿಯೇ ಇರಲಿಲ್ಲ, ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸುತ್ತಿದ್ದವು. ಅಂಥ ಫೋನಿಗೆ ‘ಯುಗಾದಿಯ ಶುಭಾಶಯ’ ಎಂದು ಕನ್ನಡದಲ್ಲೇ ಹೇಳಬೇಕಿದ್ದರೆ ಅಕ್ಷರವನ್ನೂ ಚಿತ್ರವಾಗಿ ಕಳುಹಿಸುವುದೊಂದೇ ದಾರಿ.

ರಾಗಕ್ಕೆ ನಮ್ಮ ಜನ ಕಂಡುಕೊಂಡ ದಾರಿ ಅಂಗಡಿ. ಪತ್ರಿಕೆಗಳ ಜಾಹೀರಾತು ನೋಡಿ ನಾಲ್ಕಂಕಿಯ ಸಂಖ್ಯೆಗೆ ಎಸ್ಸೆಮ್ಮೆಸ್ ಮಾಡಿ ಕೈ ಸುಟ್ಟುಕೊಂಡವರು, ಮೆಮೊರಿ ಕಾರ್ಡ್ ಬಂದ ಮೇಲೆ ಬಸ್‌ಸ್ಟ್ಯಾಂಡ್ ಪಕ್ಕದ ರೀಚಾರ್ಜ್ ಅಂಗಡಿಗೆ ಹೋದರು. ಅಂಗಡಿಯವನು ಕಾರ್ಡ್ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿ ‘ಯಾವ ಪಿಕ್ಚರ್‌ದು ಹಾಕ್ಲಿ?’ ಎಂದು ಕೇಳುತ್ತಿದ್ದ. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಫೋನಿನಿಂದ ಫೋನಿಗೆ ಹೀಗೂ ಹರಡಿದವು. ಫೋನ್ ಕಂಪನಿಯ ಸುಂಕ ತಪ್ಪಿತು. ಹಾಡು ಬರೆದವರಿಗೆ, ಹಾಡಿದವರಿಗೆ ಬಿಡಿಗಾಸೂ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಸ್ಮಾರ್ಟ್‌ಫೋನ್ ಬಂದು ಇ-ಮೇಲ್, ವಾಟ್ಸ್‌ಆ್ಯಪ್ ಎಲ್ಲ ಒಂದೇ ಪರದೆಯೊಳಗೆ ಸೇರಿದ ಮೇಲೆ ಸಂಖ್ಯೆಗೆ ಮೇಲ್ ಮಾಡುವ ಪದ್ಧತಿ ಸೊರಗಿತು. ಡೊಕೊಮೊ 2019ರಲ್ಲಿ ಐ-ಮೋಡ್‌ಗೆ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ, 2026ರ ಮಾರ್ಚ್ ಕೊನೆಗೆ ಸೇವೆ ಮುಗಿಸುವುದಾಗಿ ಪ್ರಕಟಿಸಿತು. ಅಮೆರಿಕದ ಎಟಿ ಅಂಡ್ ಟಿ ಕಂಪನಿ ಇ-ಮೇಲಿನಿಂದ ಫೋನಿಗೆ ಸಂದೇಶ ದಾಟಿಸುವ ತನ್ನ ಬಾಗಿಲನ್ನು 2025ರ ಜೂನ್‌ನಲ್ಲಿ ಮುಚ್ಚಿತು.

ಬೋರೆನ್‌ಸ್ಟೈನ್ ಅವರಿಗೆ ಮೊಮ್ಮಕ್ಕಳಾದರು, ಚಿತ್ರಗಳು ಇ-ಮೇಲಿನಲ್ಲೇ ಬಂದವು. ದುಡ್ಡು ಕೊಟ್ಟು ಕೊಂಡ ಬೀಗದ ರಿಂಗ್‌ಟೋನ್‌ಗಳು ಆಯಾ ಫೋನಿನ ಜತೆಯೇ ಹೋದವು. ಹೊಸ ಫೋನಿಗೆ ಅವನ್ನು ದಾಟಿಸಲು ದಾರಿ ಇರಲಿಲ್ಲ. ಮೇಲ್ ಮಾಡಿದ ಚಿತ್ರಗಳ ವಿಷಯ ಹಾಗಲ್ಲ. ಪಡೆದವರ ಫೋನು ಕೆಟ್ಟು ಗುಜರಿ ಸೇರಿದ್ದರೂ ಕಳುಹಿಸಿದವರ ಪೆಟ್ಟಿಗೆಯಲ್ಲಿ ಒಂದು ಪ್ರತಿ ಉಳಿದಿರುತ್ತದೆ. ಹಳೆಯ ಇ-ಮೇಲ್ ಖಾತೆ ಇನ್ನೂ ಜೀವಂತವಾಗಿದ್ದು, ಅದರ ಪಾಸ್‌ವರ್ಡ್ ನೆನಪಿದ್ದವರು ಇಂದು ಸಂಜೆಯೇ ಹುಡುಕಿ ನೋಡಬಹುದು.